ಲೈ, ಲೇ, ಲೇನ್: ಮಲಗಿದ್ದು ಯಾರು, ಮಲಗಿಸಿದ್ದು ಯಾರು?

ಮಕ್ಕಳ ಶಾಲೆ ಶುರುವಾಯಿತೆಂದರೆ ಮನೆಯಲ್ಲಿ ಪಾಠ ಹೇಳಿಕೊಡುವ ಕೆಲಸ ಯಾರ ಪಾಲಿಗೆ ಬರುತ್ತದೆ, ಹೇಳಿ? ತಾಯಿಯ ಪಾಲಿಗೇ ತಾನೇ? ಲೆಕ್ಕವನ್ನು ಹೇಗೋ ನಿಭಾಯಿಸುತ್ತೇವೆ. ಸಮಾಜ, ವಿಜ್ಞಾನಗಳನ್ನು ಪುಸ್ತಕ ಹಿಡಿದು ಒಪ್ಪಿಸಿಕೊಳ್ಳುತ್ತೇವೆ. ಕನ್ನಡವಂತೂ ನಮ್ಮದೇ. ಇಂಗ್ಲಿಷ್ ಪುಸ್ತಕ ಹೊರಗೆ ಬಂದರೆ ಮಾತ್ರ, ‘ನಿಮ್ಮಪ್ಪ ಬರಲಿ, ಕೇಳ್ಕೋ’ ಎಂದು ಒಲೆಯ ಮೇಲಿನ ಹಾಲಿನ ನೆಪ ಹೇಳಿ ಒಳಗೆ ಸರಿಯುವವರೇ ನಮ್ಮಲ್ಲಿ ಹೆಚ್ಚು.

ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ವಯಸ್ಸಿನವರಿಗೆ ಇಂಗ್ಲಿಷ್ ಅಕ್ಷರ ಕಂಡದ್ದೇ ಐದನೇ ತರಗತಿಯಲ್ಲಿ. ಈಗಿನ ಮಕ್ಕಳಿಗೆ ಹಾಗಲ್ಲ. 2007-08ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುತ್ತಿದ್ದಾರೆ. ಮಕ್ಕಳು ಮುಂದೆ ಹೋಗಲಿ, ಸಂತೋಷ. ಆದರೆ ಅವರ ಬೆನ್ನ ಹಿಂದೆ ನಾವೂ ನಾಲ್ಕು ಹೆಜ್ಜೆ ಹಾಕಿದರೆ ತಪ್ಪೇನು?

ಇಡೀ ವ್ಯಾಕರಣ ಕಲಿಯಿರಿ ಎಂದು ನಾನು ಹೇಳುವುದಿಲ್ಲ. ಒಂದೇ ಒಂದು ಕ್ರಿಯಾಪದವನ್ನು ಹಿಡಿದುಕೊಳ್ಳೋಣ. ‘ಲೈ’ ಎಂಬ ಪದ, ಎಂದರೆ ಮಲಗು. ಇಷ್ಟು ಚಿಕ್ಕ ಪದ ಇಂಗ್ಲಿಷ್ ಬಲ್ಲವರನ್ನೂ ಮುಗ್ಗರಿಸುವಂತೆ ಮಾಡುತ್ತದೆ ಎಂದರೆ ನಂಬುತ್ತೀರಾ? ಇದನ್ನು ಸರಿಯಾಗಿ ತಿಳಿದುಕೊಂಡರೆ ಇಂಥ ಇನ್ನೂ ಹತ್ತು ಪದಗಳ ಬಾಗಿಲು ತಾನಾಗಿಯೇ ತೆರೆಯುತ್ತದೆ.

ಒಂದು ರಜಾ ಚೀಟಿಯ ಕಥೆ

‘ಒಂದು ಪದ ತಪ್ಪಾದರೆ ಆಕಾಶ ಬೀಳುತ್ತದೆಯೇ?’ ಎಂದು ನೀವು ಕೇಳಬಹುದು. ನಮ್ಮ ಎದುರುಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ, ಕೇಳಿ.

ಆಕೆಯ ಮಗ ಆರನೇ ತರಗತಿ. ಮೂರು ದಿನ ಜ್ವರ ಬಂದು ಶಾಲೆಗೆ ಹೋಗಿರಲಿಲ್ಲ. ಯಜಮಾನರು ಊರಿನಲ್ಲಿರಲಿಲ್ಲ. ಪಾಪ, ಆಕೆ ತಾನೇ ಧೈರ್ಯ ಮಾಡಿ ಇಂಗ್ಲಿಷಿನಲ್ಲಿ ರಜಾ ಚೀಟಿ ಬರೆದಳು. ಮೂರು ದಿನ ಹಾಸಿಗೆಯಲ್ಲಿ ಮಲಗಿದ್ದ ಎನ್ನುವುದಕ್ಕೆ, ‘ಹಿ ಲೈಡ್ ಇನ್ ಬೆಡ್ ಫಾರ್ ತ್ರೀ ಡೇಸ್’ ಎಂದು ಬರೆದಿದ್ದಳು. ‘ಲೈಡ್’ ಎಂದರೆ ಸುಳ್ಳು ಹೇಳಿದ ಎಂದರ್ಥ. ತರಗತಿಯಲ್ಲಿ ಆ ಚೀಟಿಯನ್ನು ಎಲ್ಲರ ಮುಂದೆ ಓದಿ, ‘ಮೂರು ದಿನ ಹಾಸಿಗೆಯಲ್ಲಿ ಮಲಗಿ ಸುಳ್ಳು ಹೇಳಿದನಂತೆ’ ಎಂದು ಅರ್ಥವನ್ನೂ ಬಿಡಿಸಿ ಹೇಳಿದರಂತೆ. ಮಕ್ಕಳೆಲ್ಲ ಗೊಳ್ಳೆಂದು ನಕ್ಕರಂತೆ.

ಹುಡುಗ ಮನೆಗೆ ಬಂದು ಅಳಲಿಲ್ಲ, ರೇಗಲೂ ಇಲ್ಲ. ‘ಅಮ್ಮಾ, ಇನ್ಮೇಲೆ ಚೀಟಿ ನೀನು ಬರೀಬೇಡ. ಅಪ್ಪ ಬಂದ್ಮೇಲೆ ಬರೆಸ್ಕೋತೀನಿ’ ಎಂದ. ಅಷ್ಟೇ. ಅಂದಿನಿಂದ ಶಾಲೆಯ ಡೈರಿಯನ್ನೂ ತಾಯಿಗೆ ತೋರಿಸುವುದನ್ನು ಬಿಟ್ಟ. ‘ಅಕ್ಕಾ, ನಕ್ಕರೆ ನಗಲಿ ಬಿಡಿ, ಆದರೆ ಮಗ ನನ್ನ ಹತ್ರ ಏನೂ ಕೇಳೋದೇ ಇಲ್ವಲ್ಲ’ ಎಂದು ಆಕೆ ನನ್ನ ಮುಂದೆ ಕಣ್ಣೀರು ಹಾಕಿದಳು.

ಅಂಕ ಹೋದರೆ ಮುಂದಿನ ಪರೀಕ್ಷೆಯಲ್ಲಿ ಬರುತ್ತದೆ. ಮಗು ತಾಯಿಯನ್ನು ಕೇಳುವುದನ್ನು ನಿಲ್ಲಿಸಿದರೆ ಅದನ್ನು ಯಾವ ಟ್ಯೂಷನ್ನಿನಿಂದ ತರೋಣ? ಮಗುವಿನ ಎದುರು ತಾಯಿಯ ಬರವಣಿಗೆಯನ್ನು ನಗೆಪಾಟಲು ಮಾಡಬಾರದೆಂಬ ತಿಳಿವಳಿಕೆ ಕಲಿಸುವವರಿಗೂ ಇರಬೇಕಿತ್ತು. ಅದು ಬೇರೆ ಮಾತು.

ಈಗ ಒಂದು ವಿಷಯ ಯೋಚಿಸಿ. ಆಕೆ ಬರೆದದ್ದು ನಿಯಮ ತಿಳಿಯದೆ ಅಲ್ಲ, ನಿಯಮವನ್ನು ಪಾಲಿಸಿಯೇ! ನಡೆದುಹೋದದ್ದನ್ನು ಹೇಳುವಾಗ ಕ್ರಿಯಾಪದದ ಕೊನೆಗೆ ಇ-ಡಿ ಸೇರಿಸಬೇಕೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ವಾಕ್‌ಗೆ ವಾಕ್ಡ್, ಕುಕ್‌ಗೆ ಕುಕ್ಡ್, ವಾಷ್‌ಗೆ ವಾಷ್ಡ್. ಹಾಗೆಯೇ ಲೈ ಪದಕ್ಕೆ ಲೈಡ್. ನಿಯಮ ಮುರಿದದ್ದು ಆಕೆಯಲ್ಲ, ಆ ಪದ.

ಕನ್ನಡದಲ್ಲೂ ಇದ್ದಾರೆ ಹಠಮಾರಿಗಳು

ಇಂಗ್ಲಿಷಿನಲ್ಲಿ ಹೀಗೆ ನಿಯಮಕ್ಕೆ ಬಗ್ಗದ ಕ್ರಿಯಾಪದಗಳು ಸುಮಾರು ಇನ್ನೂರು ಇವೆ. ಇವನ್ನು ‘ಇರ್‌ರೆಗ್ಯುಲರ್ ವರ್ಬ್’ ಎನ್ನುತ್ತಾರೆ. ಗೋ ಎನ್ನುವುದು ವೆಂಟ್ ಆಗುತ್ತದೆ, ಕಮ್ ಎನ್ನುವುದು ಕೇಮ್ ಆಗುತ್ತದೆ. ‘ಇದೆಂಥ ಭಾಷೆ, ತಲೆಬುಡ ಇಲ್ಲ’ ಎಂದು ಬೈಯುವ ಮೊದಲು ನಮ್ಮ ಮನೆಯೊಳಗೇ ಒಮ್ಮೆ ನೋಡಿಕೊಳ್ಳೋಣ.

ಮಾಡು ಎಂದರೆ ಮಾಡಿದ. ನೋಡು ಎಂದರೆ ನೋಡಿದ. ಹಾಡು ಎಂದರೆ ಹಾಡಿದ. ಸರಿ. ಹಾಗಾದರೆ ಕೊಡು ಎನ್ನುವುದು ‘ಕೊಡಿದ’ ಆಗಬೇಕಿತ್ತಲ್ಲ, ಕೊಟ್ಟ ಏಕಾಯಿತು? ಬರು ಹೋಗಿ ಬಂದ, ತರು ಹೋಗಿ ತಂದ, ನಗು ಹೋಗಿ ನಕ್ಕ, ಬೀಳು ಹೋಗಿ ಬಿದ್ದ, ಏಳು ಹೋಗಿ ಎದ್ದ, ಕೀಳು ಹೋಗಿ ಕಿತ್ತ, ಸಾಯು ಹೋಗಿ ಸತ್ತ! ಇಂಗ್ಲಿಷಿನವನು ಕನ್ನಡ ಕಲಿಯಲು ಕುಳಿತರೆ ಅವನೂ ನಮ್ಮ ಹಾಗೇ ತಲೆ ಚಚ್ಚಿಕೊಳ್ಳುತ್ತಾನೆ.

ಎರಡು, ಮೂರು ವರ್ಷದ ಮಗು ಮಾತು ಕಲಿಯುವಾಗ ಗಮನಿಸಿದ್ದೀರಾ? ‘ಅಮ್ಮಾ, ನಾನು ಬೀಳಿದೆ’ ಎನ್ನುತ್ತದೆ. ‘ಅಜ್ಜ ಚಾಕ್ಲೇಟು ಕೊಡಿದ್ರು’ ಎನ್ನುತ್ತದೆ. ನಾವು ಮುದ್ದು ಮಾಡಿ, ‘ಬಿದ್ದೆ ಅನ್ಬೇಕು ಪುಟ್ಟ’ ಎಂದು ತಿದ್ದುತ್ತೇವೆ. ಇಂಗ್ಲಿಷ್ ಮನೆಮಾತಿನ ಮಕ್ಕಳೂ ಹೀಗೆಯೇ ಗೋ ಪದಕ್ಕೆ ‘ಗೋಡ್’ ಎನ್ನುತ್ತವೆ, ಈಟ್ ಪದಕ್ಕೆ ‘ಈಟೆಡ್’ ಎನ್ನುತ್ತವೆ. ಎದುರುಮನೆಯಾಕೆಯ ‘ಲೈಡ್’ ಕೂಡ ಇದೇ ಜಾತಿಯ ತಪ್ಪು. ಮಗುವಿನ ತಪ್ಪಿಗೆ ಮುದ್ದು, ತಾಯಿಯ ತಪ್ಪಿಗೆ ನಗೆ. ಯಾವ ನ್ಯಾಯ ಇದು?

ಹಠಮಾರಿ ಪದಗಳೆಲ್ಲ ಹಳೆಯ ಕಾಲದವು ಮತ್ತು ದಿನಬಳಕೆಯವು. ಬಾ, ಹೋಗು, ಕೊಡು, ತಿನ್ನು, ಮಲಗು, ಏಳು ಎನ್ನುವಂಥವು. ಬೆಳಗಿನಿಂದ ರಾತ್ರಿಯವರೆಗೆ ಜನರ ಬಾಯಲ್ಲಿ ಓಡಾಡುವುದರಿಂದಲೇ ಅವುಗಳ ಹಳೆಯ ರೂಪ ಮರೆಯದೆ ಉಳಿದುಕೊಂಡಿದೆ. ಅಪರೂಪಕ್ಕೆ ಬಳಸುವ ಪದವಾದರೆ ಜನ ಹಳೆಯ ರೂಪ ಮರೆತು ಇ-ಡಿ ಅಂಟಿಸಿಬಿಡುತ್ತಾರೆ. ಹೊಸದಾಗಿ ಹುಟ್ಟಿದ ಪದಗಳೂ ಅಷ್ಟೇ. ಫೋನ್ ಮಾಡಿದ್ದು ಫೋನ್ಡ್, ಈಮೇಲ್ ಕಳಿಸಿದ್ದು ಈಮೇಲ್ಡ್. ಹಳೆಯ ಅತ್ತೆಯರದ್ದು ಅವರವರ ಪದ್ಧತಿ, ಹೊಸ ಸೊಸೆಯರದ್ದು ಎಲ್ಲರದೂ ಒಂದೇ ಪದ್ಧತಿ!

ಮಲಗು ಮತ್ತು ಮಲಗಿಸು

ಈಗ ವಿಷಯದ ತಿರುಳಿಗೆ ಬರೋಣ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರು ‘ಪ್ರೇರಣಾರ್ಥಕ’ ಎಂದು ಪಾಠ ಮಾಡಿದ್ದು ನೆನಪಿದೆಯೇ? ತಾನೇ ಮಾಡುವುದಕ್ಕೂ ಇನ್ನೊಬ್ಬರಿಂದ ಮಾಡಿಸುವುದಕ್ಕೂ ನಮ್ಮ ಭಾಷೆಯಲ್ಲಿ ಒಂದು ಸುಲಭ ಉಪಾಯವಿದೆ. ‘ಇಸು’ ಸೇರಿಸಿದರಾಯಿತು. ಮಲಗು, ಮಲಗಿಸು. ಕೂರು, ಕೂರಿಸು. ಬೀಳು, ಬೀಳಿಸು.

ಇಂಗ್ಲಿಷಿನಲ್ಲಿ ಇಂಥ ‘ಇಸು’ ಈಗ ಉಳಿದಿಲ್ಲ. ಬಹಳ ಹಿಂದೆ ಪದದೊಳಗಿನ ಸ್ವರವನ್ನೇ ಬದಲಾಯಿಸಿ ಈ ಕೆಲಸ ಮಾಡುತ್ತಿದ್ದರು. ಅದರ ಪಳೆಯುಳಿಕೆಗಳು ಕೆಲವು ಜೋಡಿಗಳಲ್ಲಿ ಮಾತ್ರ ಉಳಿದಿವೆ. ಕೂರು ಎನ್ನುವುದಕ್ಕೆ ಸಿಟ್, ಕೂರಿಸು ಅಥವಾ ಇರಿಸು ಎನ್ನುವುದಕ್ಕೆ ಸೆಟ್. ಏಳು ಎನ್ನುವುದಕ್ಕೆ ರೈಸ್, ಎಬ್ಬಿಸು ಅಥವಾ ಎತ್ತು ಎನ್ನುವುದಕ್ಕೆ ರೇಯ್ಸ್. ಹಾಗೆಯೇ ಮಲಗು ಎನ್ನುವುದಕ್ಕೆ ಲೈ, ಮಲಗಿಸು ಎನ್ನುವುದಕ್ಕೆ ಲೇ.

ಆದ್ದರಿಂದ ಇವು ಎರಡು ಬೇರೆ ಬೇರೆ ಪದಗಳು. ಒಂದೊಂದರ ಸಂಸಾರವೂ ಬೇರೆ. ಕೆಳಗಿನದನ್ನು ಒಮ್ಮೆ ಗಟ್ಟಿಯಾಗಿ ಓದಿ.

ಲೈ, ಲೇ, ಲೇನ್: ತಾನೇ ಮಲಗುವುದು, ಬಿದ್ದುಕೊಂಡಿರುವುದು.
ಲೇ, ಲೇಡ್, ಲೇಡ್: ಮಲಗಿಸುವುದು, ಇಡುವುದು, ಹಾಸುವುದು.

ಪ್ರತಿ ಸಾಲಿನಲ್ಲಿ ಮೊದಲನೆಯದು ವರ್ತಮಾನ, ಎರಡನೆಯದು ಭೂತಕಾಲ, ಮೂರನೆಯದು ಹ್ಯಾವ್, ಹ್ಯಾಸ್, ಹ್ಯಾಡ್‌ಗಳ ಜೊತೆ ಬರುವ ರೂಪ.

‘ಇಡು’ ಎಂಬ ಅರ್ಥವನ್ನು ಚೆನ್ನಾಗಿ ನೆನಪಿಡಿ. ಕೋಳಿ ಮೊಟ್ಟೆ ಇಡುತ್ತದೆ, ದ ಹೆನ್ ಲೇಸ್ ಆನ್ ಎಗ್. ಕನ್ನಡದಲ್ಲೂ ಇಡು, ಇಂಗ್ಲಿಷಿನಲ್ಲೂ ಇಡು. ಊಟದ ಮೇಜು ಸಿದ್ಧಮಾಡಿದಳು, ಷಿ ಲೇಡ್ ದ ಟೇಬಲ್. ಮೇಸ್ತ್ರಿ ಇಟ್ಟಿಗೆ ಜೋಡಿಸಿದ, ಹಿ ಲೇಡ್ ದ ಬ್ರಿಕ್ಸ್. ಅಡಿಗಲ್ಲು ಇಡುವುದಕ್ಕೂ ಇದೇ ಪದ. ನಿಮ್ಮೂರಿನ ಆಸ್ಪತ್ರೆ, ಕಾಲೇಜು, ಸಮುದಾಯ ಭವನಗಳ ಗೋಡೆಯ ಶಂಕುಸ್ಥಾಪನೆ ಕಲ್ಲಿನಲ್ಲಿ ಇಂಗ್ಲಿಷ್ ಬರಹವಿದ್ದರೆ ಮುಂದಿನ ಸಲ ಹೋದಾಗ ನಿಂತು ಓದಿ. ‘ಲೇಡ್ ಬೈ’ ಎಂದಿರುತ್ತದೆ. ಬೆಂಗಳೂರಿನ ವಿಧಾನಸೌಧದ ಅಡಿಗಲ್ಲನ್ನು ಜವಾಹರಲಾಲ್ ನೆಹರೂ ಅವರು ಇಟ್ಟದ್ದು 1951ರ ಜುಲೈ 13ರಂದು. ಅದನ್ನು ಹೇಳುವಾಗ ‘ನೆಹರೂ ಲೇಡ್ ದ ಫೌಂಡೇಷನ್ ಸ್ಟೋನ್’ ಎನ್ನಬೇಕು. ‘ಲೇ’ ಎಂದರೂ ತಪ್ಪು, ‘ಲೈಡ್’ ಎಂದರಂತೂ ದೇವರೇ ಗತಿ.

ಒಂದೇ ಹೆಸರಿನ ಇಬ್ಬರು ಸೊಸೆಯರು

ಈಗ ಮೇಲಿನ ಎರಡು ಸಾಲನ್ನು ಇನ್ನೊಮ್ಮೆ ನೋಡಿ. ‘ಲೇ’ ಎಂಬುದು ಎರಡು ಕಡೆ ಬಂದಿದೆ, ಕಂಡಿರಾ? ಗಂಡಂದಿರು ಕೆಲವರು ಅಡಿಗೆಮನೆಯ ಕಡೆ ಮುಖ ಮಾಡಿ ಕೂಗುವ ‘ಲೇ’ ಅಲ್ಲ, ಅದರ ವಿಚಾರ ಇನ್ನೊಂದು ಸಲ ಮಾತಾಡೋಣ! ಮೊದಲ ಸಾಲಿನಲ್ಲಿ ‘ಲೇ’ ಎಂದರೆ ಮಲಗಿದ, ಆಗಿಹೋದ ಮಾತು. ಎರಡನೇ ಸಾಲಿನಲ್ಲಿ ‘ಲೇ’ ಎಂದರೆ ಮಲಗಿಸು, ಇಡು, ಈಗಿನ ಮಾತು. ಎಲ್ಲ ಗೊಂದಲದ ಮೂಲ ಇದೇ.

ತುಂಬಿದ ಮನೆಗಳಲ್ಲಿ ಒಂದೇ ಹೆಸರಿನ ಇಬ್ಬರು ಸೊಸೆಯರು ಇರುವುದುಂಟು. ಆಗ ಏನು ಮಾಡುತ್ತೇವೆ? ದೊಡ್ಡ ಸರೋಜ, ಚಿಕ್ಕ ಸರೋಜ ಎಂದು ಗುರುತು ಹಾಕಿಕೊಳ್ಳುತ್ತೇವೆ. ಇಲ್ಲಿಯೂ ಒಂದು ಗುರುತಿದೆ. ‘ಏನನ್ನು?’ ಎಂದು ಪ್ರಶ್ನೆ ಹಾಕಿ. ಕನ್ನಡ ಪಾಠದಲ್ಲಿ ಸಕರ್ಮಕ, ಅಕರ್ಮಕ ಕಂಡುಹಿಡಿಯಲು ಕೇಳುತ್ತಿದ್ದ ಅದೇ ಪ್ರಶ್ನೆ.

‘ಅಮ್ಮ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದಳು.’ ಯಾರನ್ನು ಮಲಗಿಸಿದಳು? ಮಗುವನ್ನು. ಉತ್ತರ ಸಿಕ್ಕಿತು. ಆದ್ದರಿಂದ ಇದು ಎರಡನೇ ಸಾಲಿನ ಪದ: ಷಿ ಲೇಡ್ ದ ಬೇಬಿ ಇನ್ ದ ಕ್ರೇಡಲ್.

‘ಮಗು ತೊಟ್ಟಿಲಲ್ಲಿ ಮಲಗಿತು.’ ಏನನ್ನು ಮಲಗಿತು? ಪ್ರಶ್ನೆಯೇ ಸರಿಹೋಗುವುದಿಲ್ಲ. ಆದ್ದರಿಂದ ಇದು ಮೊದಲನೇ ಸಾಲಿನ ಪದ: ದ ಬೇಬಿ ಲೇ ಇನ್ ದ ಕ್ರೇಡಲ್.

ಹುಡುಗರು ಈ ಎರಡನೆಯ ವಾಕ್ಯದಲ್ಲಿ ‘ಲೇಡ್’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಕಿವಿಗೆ ‘ಲೇ’ ಎಂಬುದು ನಡೆದುಹೋದ ಮಾತಿನಂತೆ ಕೇಳುವುದಿಲ್ಲ, ಡಕಾರ ಇಲ್ಲದೆ ಬರಿಗೈಯಂತೆ ಕಾಣುತ್ತದೆ. ಕಿವಿಯನ್ನು ನಂಬಬೇಡಿ, ಪ್ರಶ್ನೆಯನ್ನು ನಂಬಿ.

ಇದೇ ಬಗೆಯ ಇನ್ನೊಂದು ಜೋಡಿ ಹೇಳುತ್ತೇನೆ, ಹೋಲಿಸಿ ನೋಡಿ. ಮರ ಬಿತ್ತು ಎನ್ನುವುದಕ್ಕೆ ದ ಟ್ರೀ ಫೆಲ್. ಮರವನ್ನು ಕಡಿದು ಬೀಳಿಸಿದರು ಎನ್ನುವುದಕ್ಕೆ ದೇ ಫೆಲ್ಡ್ ದ ಟ್ರೀ. ಬೀಳು ಪದದ ಭೂತಕಾಲವೂ ಫೆಲ್, ಬೀಳಿಸು ಪದದ ವರ್ತಮಾನವೂ ಫೆಲ್. ಇಲ್ಲಿಯೂ ಒಂದೇ ಹೆಸರಿನ ಇಬ್ಬರು ಸೊಸೆಯರು!

ಮೂರನೆಯ ಪದ: ಸುಳ್ಳಿನದು

ಸುಳ್ಳು ಹೇಳು ಎನ್ನುವುದಕ್ಕೂ ಇಂಗ್ಲಿಷಿನಲ್ಲಿ ‘ಲೈ’ ಎಂದೇ ಹೇಳುತ್ತಾರೆ. ಮಲಗುವ ‘ಲೈ’ ಪದಕ್ಕೂ ಇದಕ್ಕೂ ನೆಂಟಸ್ತನವಿಲ್ಲ, ಹೆಸರು ಮಾತ್ರ ಒಂದೇ. ನಮ್ಮಲ್ಲಿ ‘ಏಳು’ ಎಂದರೆ ಏಳೆಂಬ ಸಂಖ್ಯೆಯೂ ಹೌದು, ಎದ್ದೇಳು ಎಂಬ ಮಾತೂ ಹೌದು. ‘ಬೆಳಿಗ್ಗೆ ಏಳಕ್ಕೆ ಏಳು’ ಎಂದರೆ ನಮಗೆ ಗೊಂದಲವೇ ಆಗುವುದಿಲ್ಲ. ಹಾಗೆಯೇ ಇದು.

ಸುಳ್ಳಿನ ‘ಲೈ’ ಮಾತ್ರ ನಿಯಮಕ್ಕೆ ಬಗ್ಗಿದ ಸಾಧು ಪದ: ಲೈ, ಲೈಡ್, ಲೈಡ್. ತಮಾಷೆ ನೋಡಿ, ಸುಳ್ಳು ಹೇಳುವವನೇ ನಿಯಮ ಪಾಲಿಸುತ್ತಾನೆ, ಸುಮ್ಮನೆ ಮಲಗಿರುವವನು ನಿಯಮ ಮುರಿಯುತ್ತಾನೆ. ‘ಲೈಡ್’ ಕಂಡಲ್ಲೆಲ್ಲ ಸುಳ್ಳು ಎಂದೇ ತಿಳಿಯಿರಿ. ಎದುರುಮನೆಯಾಕೆ ‘ಹಿ ಲೇ ಇನ್ ಬೆಡ್’ ಎಂದು ಬರೆದಿದ್ದರೆ ಸರಿಯಾಗುತ್ತಿತ್ತು. ಇನ್ನೂ ಸುಲಭವಾಗಿ, ‘ಹಿ ವಾಸ್ ಇನ್ ಬೆಡ್ ವಿತ್ ಫೀವರ್ ಫಾರ್ ತ್ರೀ ಡೇಸ್’ ಎಂದರೆ ಈ ಗೋಜೇ ಬರುತ್ತಿರಲಿಲ್ಲ. ರಜಾ ಚೀಟಿ ಬರೆಯುವ ತಾಯಂದಿರು ಈ ವಾಕ್ಯವನ್ನು ಬರೆದಿಟ್ಟುಕೊಳ್ಳಬಹುದು. ಮಗಳಾದರೆ ‘ಹಿ’ ಬದಲು ‘ಷಿ’ ಎಂದು ಹಾಕಿ.

ಮೊಬೈಲಿನಲ್ಲಿ ಬರೆದರೆ ಫೋನೇ ತಪ್ಪು ತೋರಿಸುತ್ತದಲ್ಲ ಎನ್ನಬೇಡಿ. ‘ಲೈಡ್’ ಕೂಡ ಇಂಗ್ಲಿಷಿನಲ್ಲಿ ಸರಿಯಾದ ಪದವೇ ಆದ್ದರಿಂದ ಫೋನು ಅದರ ಕೆಳಗೆ ಕೆಂಪು ಗೆರೆ ಎಳೆಯದೆ ಸುಮ್ಮನೆ ಬಿಟ್ಟುಬಿಡಬಹುದು.

ಕಾಗುಣಿತದ ಬಗ್ಗೆಯೂ ಒಂದು ಮಾತು. ಲೇಡ್ ಎನ್ನುವುದನ್ನು ಎಲ್-ಎ-ಐ-ಡಿ ಎಂದು ಬರೆಯಬೇಕು, ವೈ ಇಟ್ಟು ಇ-ಡಿ ಸೇರಿಸಬಾರದು. ಪೇ ಎನ್ನುವುದು ಪೇಯ್ಡ್ ಆದ ಹಾಗೆ. ಲೈ ಪದಕ್ಕೆ ‘ಇಂಗ್’ ಸೇರಿಸುವಾಗ ಐ-ಇ ಎರಡೂ ಹೋಗಿ ವೈ ಬರುತ್ತದೆ: ಎಲ್-ವೈ-ಐ-ಎನ್-ಜಿ, ಲೈಯಿಂಗ್. ಮಲಗಿದ್ದಾನೆ ಎಂದರೂ ಲೈಯಿಂಗ್, ಸುಳ್ಳು ಹೇಳುತ್ತಿದ್ದಾನೆ ಎಂದರೂ ಲೈಯಿಂಗ್. ಮುಂದೆ ‘ಆನ್ ದ ಬೆಡ್’ ಇದೆಯೋ ‘ಟು ಮಿ’ ಇದೆಯೋ ನೋಡಿ ಅರ್ಥ ಮಾಡಿಕೊಳ್ಳಬೇಕು. ಇಡುವುದಕ್ಕೆ ಮಾತ್ರ ಲೇಯಿಂಗ್.

‘ಡಿಡ್’ ಬಂದಾಗ ಹುಷಾರು

ಮಕ್ಕಳು ಮಾಡುವ ಇನ್ನೊಂದು ತಪ್ಪು ‘ಡಿಡ್ ನಾಟ್’ ಜೊತೆಗಿನದು. ‘ಐ ಡಿಡ್ ನಾಟ್ ವೆಂಟ್’, ‘ಹಿ ಡಿಡ್ ನಾಟ್ ಕೇಮ್’ ಎಂದು ಬರೆಯುತ್ತಾರೆ. ಏಕೆ ತಪ್ಪು ಎಂದು ಕೇಳಿದರೆ, ‘ಡಿಡ್ ಬಂದರೆ ಮೊದಲನೇ ರೂಪ ಬರಬೇಕು’ ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಬರೆಯುವಾಗ ಮರೆಯುತ್ತಾರೆ.

ಕನ್ನಡದಲ್ಲಿ ಹೇಳಿಕೊಟ್ಟರೆ ಮರೆಯುವುದಿಲ್ಲ. ‘ಕೊಟ್ಟ’ ಎನ್ನುವುದರ ವಿರುದ್ಧ ಏನು? ಕೊಡಲಿಲ್ಲ. ‘ಕೊಟ್ಟಲಿಲ್ಲ’ ಎನ್ನುತ್ತೇವೆಯೇ? ಬಂದ ಎನ್ನುವುದಕ್ಕೆ ಬರಲಿಲ್ಲ, ‘ಬಂದಲಿಲ್ಲ’ ಅಲ್ಲ. ಬಿದ್ದ ಎನ್ನುವುದಕ್ಕೆ ಬೀಳಲಿಲ್ಲ. ನೋಡಿ, ಇಲ್ಲ ಎನ್ನುವಾಗ ನಮ್ಮ ಹಠಮಾರಿ ಪದಗಳೂ ಮೆತ್ತಗೆ ತವರಿನ ರೂಪಕ್ಕೇ ಮರಳುತ್ತವೆ. ಇಂಗ್ಲಿಷಿನಲ್ಲೂ ಅಷ್ಟೇ. ನಡೆದುಹೋದದ್ದು ಎಂಬ ಭಾರವನ್ನು ‘ಡಿಡ್’ ಹೊತ್ತುಕೊಂಡ ಮೇಲೆ ಇನ್ನೊಂದು ಪದ ಅದನ್ನು ಹೊರಬೇಕಾಗಿಲ್ಲ.

ಹಿ ಲೇ ಡೌನ್, ಅವನು ಮಲಗಿದ. ಹಿ ಡಿಡ್ ನಾಟ್ ಲೈ ಡೌನ್, ಅವನು ಮಲಗಲಿಲ್ಲ. ಡಿಡ್ ಹಿ ಲೈ ಡೌನ್, ಅವನು ಮಲಗಿದನೇ? ಪ್ರಶ್ನೆಗೂ ಇದೇ ನಿಯಮ.

ಇನ್ನು ಹ್ಯಾವ್, ಹ್ಯಾಸ್, ಹ್ಯಾಡ್ ಬಂದಾಗ ಮೂರನೇ ರೂಪ ‘ಲೇನ್’ ಬೇಕು. ‘ಆ ಪತ್ರ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಬಿದ್ದಿದೆ’ ಎನ್ನುವುದಕ್ಕೆ ‘ದ ಲೆಟರ್ ಹ್ಯಾಸ್ ಲೇನ್ ಇನ್ ದ ಬಾಕ್ಸ್ ಫಾರ್ ಯಿಯರ್ಸ್’ ಎನ್ನಬೇಕು. ಆದರೆ ಇಂಗ್ಲಿಷರೇ ಈ ‘ಲೇನ್’ ಅನ್ನು ಮಾತಿನಲ್ಲಿ ಬಳಸುವುದು ಅಪರೂಪ. ‘ಹ್ಯಾಸ್ ಬೀನ್ ಲೈಯಿಂಗ್’ ಎಂದು ಹೇಳಿ ಮುಗಿಸುತ್ತಾರೆ. ಎರಡೂ ಸರಿಯೇ. ಪರೀಕ್ಷೆಯಲ್ಲಿ ಮೂರು ರೂಪ ಬರೆಯಿರಿ ಎಂದರೆ ಮಾತ್ರ ಲೇನ್ ಬರೆಯಲೇಬೇಕು.

‘ಮಲಗಿದ್ದಾರೆ’ ಎನ್ನುವುದು ಹೇಗೆ?

ಮಧ್ಯಾಹ್ನ ಫೋನು ಬರುತ್ತದೆ. ಆ ಕಡೆಯವರು ಇಂಗ್ಲಿಷಿನಲ್ಲಿ ಯಜಮಾನರನ್ನು ಕೇಳುತ್ತಾರೆ. ‘ಮಲಗಿದ್ದಾರೆ’ ಎನ್ನಬೇಕು. ‘ಹಿ ಈಸ್ ಸ್ಲೆಪ್ಟ್’ ಎಂದು ಎಷ್ಟೋ ಮನೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಇದಕ್ಕೆ ಕಾರಣ ನಮ್ಮ ಕನ್ನಡವೇ. ‘ಮಲಗಿ ಇದ್ದಾರೆ’ ಎನ್ನುವಾಗ ಮಲಗುವ ಕೆಲಸ ಮುಗಿದು, ಈಗ ಆ ಸ್ಥಿತಿಯಲ್ಲಿ ಇದ್ದಾರೆ ಎಂದು ನಾವು ಹೇಳುತ್ತೇವೆ. ಇಂಗ್ಲಿಷಿನಲ್ಲಿ ಅದೇ ಸ್ಥಿತಿಗೆ ‘ಇಂಗ್’ ಹಾಕುತ್ತಾರೆ. ನಿದ್ದೆ ಬಂದಿದ್ದರೆ ‘ಹಿ ಈಸ್ ಸ್ಲೀಪಿಂಗ್’. ನಿದ್ದೆಯಿಲ್ಲದೆ ಸುಮ್ಮನೆ ಮೈಚಾಚಿದ್ದರೆ ‘ಹಿ ಈಸ್ ಲೈಯಿಂಗ್ ಡೌನ್’. ‘ಡೌನ್’ ಎನ್ನುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಯಜಮಾನರು ಸುಳ್ಳು ಹೇಳುತ್ತಿದ್ದಾರೆ ಎಂದು ಅರ್ಥವಾದೀತು!

ವಸ್ತುಗಳಿಗೂ ಇದೇ. ‘ಪಾತ್ರೆಗಳು ಸಿಂಕಿನಲ್ಲಿ ಬಿದ್ದಿವೆ’ ಎಂದರೆ ಅವು ಮೇಲಿನಿಂದ ಬಿದ್ದವೆಂದಲ್ಲ, ತೊಳೆಯುವವರಿಲ್ಲದೆ ಇವೆ ಎಂದು. ಅದಕ್ಕೆ ‘ಫಾಲನ್’ ಎನ್ನಬಾರದು, ‘ಲೈಯಿಂಗ್ ಇನ್ ದ ಸಿಂಕ್’ ಎನ್ನಬೇಕು. ಊರುಗಳೂ ‘ಲೈ’ ಮಾಡುತ್ತವೆ. ಬೆಂಗಳೂರಿಗೂ ಮೈಸೂರಿಗೂ ನಡುವೆ ಮಂಡ್ಯ ಇದೆ ಎನ್ನುವುದಕ್ಕೆ ‘ಮಂಡ್ಯ ಲೈಸ್ ಬಿಟ್ವೀನ್ ಬೆಂಗಳೂರು ಅಂಡ್ ಮೈಸೂರು’.

ನರ್ಸಿಂಗ್ ಓದುವ ಹೆಣ್ಣುಮಕ್ಕಳು ಈಗ ನಮ್ಮ ಊರುಗಳಲ್ಲೆಲ್ಲ ಇದ್ದಾರೆ. ಅವರಿಗಂತೂ ಇದು ಅನ್ನದ ಪ್ರಶ್ನೆ. ರೋಗಿ ನೆಲದ ಮೇಲೆ ಮಲಗಿದ್ದನೆಂದು ಬರೆಯುವ ಕಡೆ ‘ಪೇಷಂಟ್ ಲೈಡ್’ ಎಂದು ಬರೆದರೆ ರೋಗಿ ಸುಳ್ಳು ಹೇಳಿದನೆಂದು ಆಸ್ಪತ್ರೆಯ ದಾಖಲೆಯಲ್ಲಿ ಉಳಿದುಬಿಡುತ್ತದೆ. ‘ವಾಸ್ ಲೈಯಿಂಗ್ ಆನ್ ದ ಫ್ಲೋರ್’ ಎಂಬ ನಾಲ್ಕಾರು ಪದ ಅವರ ಬೆರಳ ತುದಿಯಲ್ಲಿರಬೇಕು.

ಇಂಗ್ಲಿಷರೂ ಎಡವುತ್ತಾರೆ

ಇಷ್ಟೆಲ್ಲ ಓದಿ ಎದೆಗುಂದಬೇಡಿ. ಇಂಗ್ಲಿಷನ್ನೇ ತಾಯಿನುಡಿಯಾಗಿ ಉಳ್ಳವರೂ ಇಲ್ಲಿ ಎಡವುತ್ತಾರೆ. ಲಾರ್ಡ್ ಬೈರನ್ ಎಂಬ ದೊಡ್ಡ ಕವಿ 1818ರಲ್ಲಿ ಪ್ರಕಟವಾದ ತನ್ನ ಕಾವ್ಯಭಾಗವೊಂದರಲ್ಲಿ ಪ್ರಾಸಕ್ಕಾಗಿ ‘ಲೈ’ ಬರಬೇಕಾದ ಕಡೆ ‘ಲೇ’ ಹಾಕಿದ್ದು ಇಂದಿಗೂ ಪಂಡಿತರ ಬಾಯಲ್ಲಿದೆ. ಅಮೆರಿಕದ ಗಾಯಕ ಬಾಬ್ ಡಿಲನ್ ಅವರ 1969ರ ಪ್ರಸಿದ್ಧ ಹಾಡಿನ ಹೆಸರೇ ‘ಲೇ ಲೇಡಿ ಲೇ’. ವ್ಯಾಕರಣದ ಪ್ರಕಾರ ಅಲ್ಲಿ ಇರಬೇಕಾದ್ದು ‘ಲೈ’. ಅದೇ ಡಿಲನ್ ಅವರಿಗೆ 2016ರಲ್ಲಿ ಸಾಹಿತ್ಯದ ನೊಬೆಲ್ ಬಹುಮಾನ ಬಂತು! ಇನ್ನೊಬ್ಬ ನೊಬೆಲ್ ಲೇಖಕ ವಿಲಿಯಂ ಫಾಕ್ನರ್ ಬರೆದು 1930ರಲ್ಲಿ ಪ್ರಕಟವಾದ ಕಾದಂಬರಿಯ ಹೆಸರು ‘ಆಸ್ ಐ ಲೇ ಡೈಯಿಂಗ್’. ಸಾಯುತ್ತಾ ಮಲಗಿದ್ದಾಗ ಎಂದರ್ಥ. ಇಲ್ಲಿ ‘ಲೇ’ ಭೂತಕಾಲದ್ದು, ಆದ್ದರಿಂದ ನೂರಕ್ಕೆ ನೂರು ಸರಿ.

ಅಮೆರಿಕದಲ್ಲಿ ಮಾತಿಗೆ ‘ಲೇ ಡೌನ್’ ಎಂದೇ ಬಹಳ ಮಂದಿ ಹೇಳುತ್ತಾರೆ. ಮಕ್ಕಳು ಫೋನಿನಲ್ಲಿ ನೋಡುವ ಚಿತ್ರಗಳಲ್ಲೂ ಅದೇ ಕೇಳಿಸುತ್ತದೆ. ‘ಅಮ್ಮಾ, ಅವ್ರು ಹಂಗೇ ಅಂದ್ರು’ ಎಂದು ಮಗು ವಾದಕ್ಕೆ ನಿಂತರೆ, ‘ಬೀದಿಯಲ್ಲಿ ಮಾತಾಡೋದು ಬೇರೆ, ಪರೀಕ್ಷೆಯಲ್ಲಿ ಬರೆಯೋದು ಬೇರೆ ಕಣೋ’ ಎಂದು ಸಮಾಧಾನವಾಗಿ ಹೇಳಿ.

ಮನೆಯಲ್ಲಿ ಕಲಿಸುವ ಬಗೆ

ಹಳೆಯ ಕ್ಯಾಲೆಂಡರಿನ ಹಿಂಬದಿಯ ಮೇಲೆ ದಪ್ಪ ಅಕ್ಷರದಲ್ಲಿ ಮೂರು ಪದಗಳ ಮೂರು ರೂಪ ಬರೆದು ಅಡಿಗೆಮನೆಯ ಬಾಗಿಲಿಗೆ ಅಂಟಿಸಿ. ಮಕ್ಕಳಿಗೆ ಈ ಸಾಲು ಹೇಳಿಕೊಡಿ, ಕುಣಿಯುತ್ತಾ ಹೇಳುತ್ತಾರೆ:

ಲೈ, ಲೇ, ಲೇನ್, ಮಲಗಿದವನು ತಾನ್!
ಲೇ, ಲೇಡ್, ಲೇಡ್, ಏನನ್ನಿಟ್ಟ ನೋಡ್!
ಲೈ, ಲೈಡ್, ಲೈಡ್, ಸುಳ್ಳು ಹೇಳ್ಬೇಡ್!

ದಿನಕ್ಕೆ ಒಂದೇ ಪದ ಸಾಕು. ಇವತ್ತು ಲೈ ಆದರೆ ನಾಳೆ ಗೋ, ನಾಡಿದ್ದು ಟೇಕ್. ಚಪಾತಿ ಲಟ್ಟಿಸುತ್ತಾ ಕನ್ನಡದಲ್ಲಿ ಒಂದು ವಾಕ್ಯ ಹೇಳಿ, ಮಗು ಇಂಗ್ಲಿಷಿನಲ್ಲಿ ಹೇಳಲಿ. ತಪ್ಪಿದರೆ ನಗಬೇಡಿ, ‘ಏನನ್ನು?’ ಎಂದು ಕೇಳಿ, ತಾನೇ ತಿದ್ದಿಕೊಳ್ಳುತ್ತದೆ. ಎದುರುಮನೆಯಾಕೆಯೂ ಹೀಗೇ ಮಾಡಿದಳು. ಮಧ್ಯಾಹ್ನ ಪಾತ್ರೆಯಾದ ಮೇಲೆ ಅರ್ಧ ಗಂಟೆ ನಾವಿಬ್ಬರೂ ಕುಳಿತು ಕಲಿತೆವು. ಬಾಗಿಲ ಮೇಲಿನ ಪಟ್ಟಿಯನ್ನು ಕಂಡು ಹುಡುಗ ಮೊದಲು ಮೂಗು ಮುರಿದ. ಆಮೇಲೆ ಕಿರುಪರೀಕ್ಷೆಯ ಹಿಂದಿನ ರಾತ್ರಿ, ‘ಅಮ್ಮಾ, ಇದನ್ನ ಒಂದ್ಸಲ ಕೇಳು’ ಎಂದು ಪುಸ್ತಕವನ್ನು ಆಕೆಯ ಕೈಗೆ ಕೊಟ್ಟನಂತೆ.

ನೀವೇ ಪರೀಕ್ಷಿಸಿಕೊಳ್ಳಿ

ಕೆಳಗಿನ ವಾಕ್ಯಗಳಲ್ಲಿ ಯಾವ ರೂಪ ಬರಬೇಕೆಂದು ಹೇಳಿ. ಉತ್ತರಗಳನ್ನು ಕೈಯಿಂದ ಮುಚ್ಚಿಕೊಂಡು ಪ್ರಯತ್ನಿಸಿ.

1. ನಿನ್ನೆ ಮಧ್ಯಾಹ್ನ ಅಜ್ಜಿ ಜಗಲಿಯ ಮೇಲೆ ಮಲಗಿದರು.
2. ಅಕ್ಕ ಮಗುವನ್ನು ಚಾಪೆಯ ಮೇಲೆ ಮಲಗಿಸಿದಳು.
3. ನಮ್ಮ ಕೋಳಿ ದಿನಾ ಒಂದು ಮೊಟ್ಟೆ ಇಡುತ್ತದೆ.
4. ನಮ್ಮ ಕೋಳಿ ನಿನ್ನೆ ಮೊಟ್ಟೆ ಇಡಲಿಲ್ಲ.
5. ನಾಯಿ ಬಾಗಿಲ ಬಳಿ ಮಲಗಿದೆ.
6. ಅವನು ನನಗೆ ಸುಳ್ಳು ಹೇಳಿದ.
7. ತಮ್ಮ ನಿನ್ನೆ ಹಾಸಿಗೆಯ ಮೇಲೆ ಮಲಗಲಿಲ್ಲ.
8. ಮೇಸ್ತ್ರಿ ಇಟ್ಟಿಗೆ ಜೋಡಿಸುತ್ತಿದ್ದಾನೆ.
9. ಆ ಪತ್ರ ಎರಡು ವರ್ಷದಿಂದ ಪೆಟ್ಟಿಗೆಯ ತಳದಲ್ಲಿ ಬಿದ್ದಿದೆ.
10. ಹಂಪಿ ತುಂಗಭದ್ರೆಯ ದಡದಲ್ಲಿದೆ.

ಉತ್ತರಗಳು: 1. ಲೇ. 2. ಲೇಡ್. 3. ಲೇಸ್. 4. ಡಿಡ್ ನಾಟ್ ಲೇ. 5. ಈಸ್ ಲೈಯಿಂಗ್. 6. ಲೈಡ್. 7. ಡಿಡ್ ನಾಟ್ ಲೈ. 8. ಈಸ್ ಲೇಯಿಂಗ್. 9. ಹ್ಯಾಸ್ ಲೇನ್ ಅಥವಾ ಹ್ಯಾಸ್ ಬೀನ್ ಲೈಯಿಂಗ್. 10. ಲೈಸ್.

ನಾಲ್ಕನೆಯದರಲ್ಲೂ ಏಳನೆಯದರಲ್ಲೂ ಎಡವಿದವರು ‘ಡಿಡ್’ ಭಾಗವನ್ನು ಇನ್ನೊಮ್ಮೆ ಓದಿ. ಎಂಟಕ್ಕಿಂತ ಹೆಚ್ಚು ಸರಿಯಾಗಿದ್ದರೆ ನೀವು ಮಕ್ಕಳಿಗೆ ಧಾರಾಳವಾಗಿ ಹೇಳಿಕೊಡಬಹುದು.

ಇಂಗ್ಲಿಷ್ ಬಾರದಿದ್ದರೆ ತಾಯಿ ಕಡಿಮೆಯವಳಲ್ಲ, ಬಂದರೆ ದೊಡ್ಡವಳೂ ಅಲ್ಲ. ಆದರೆ ‘ನಿಮ್ಮಪ್ಪ ಬರಲಿ’ ಎನ್ನುವ ಬದಲು, ‘ಬಾ, 'ಏನನ್ನು' ಅಂತ ಕೇಳಿ ನೋಡೋಣ’ ಎನ್ನುವುದರಲ್ಲಿ ಒಂದು ಸುಖವಿದೆ. ಕನ್ನಡ ಚೆನ್ನಾಗಿ ಬಲ್ಲವಳಿಗೆ ಇಂಗ್ಲಿಷಿನ ಬೀಗದ ಕೈ ಅರ್ಧ ಸಿಕ್ಕಂತೆಯೇ. ಇನ್ನರ್ಧಕ್ಕೆ ಬೇಕಾದದ್ದು ದಿನಕ್ಕೊಂದು ಪದ, ಒಂದು ಹಳೆಯ ಕ್ಯಾಲೆಂಡರು ಮತ್ತು ಸ್ವಲ್ಪ ಧೈರ್ಯ. ಇವತ್ತೇ ಶುರುಮಾಡಿ ನೋಡಿ.